ಮುಂದಿನ ಗೇಟಿನ ಹೆಣ

ಹುಟ್ಟುಗುಣ ಚಟ್ಟ ಹತ್ತಿದರೂ ಹೋಗದು ಎಂದು ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಘಟ್ಟ, ಚಟ್ಟವಲ್ಲ ಎಂದು ಯಾರಾದರೂ ತಿದ್ದಲು ಬಂದರೆ, ಅವರನ್ನು ಯರಗುಪ್ಪಿಗೆ ಕರೆತಂದು ಶಿದ್ಲಿಂಗಪ್ಪನನ್ನು ತೋರಿಸಬೇಕು. ಅವನು ಜನ್ಮದಲ್ಲಿ ಘಟ್ಟ ಹತ್ತಿದವನಲ್ಲ, ಎರೆಹೊಲದ ಸಪಾಟು ನೆಲದವನು. ಚಟ್ಟವನ್ನು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಹತ್ತುತ್ತಿದ್ದ. ಇದು ಖರೇ ನಡೆದ ಕಥೆ. ಸುಳ್ಳೆನ್ನುವವರಿಗೆ ಆ ಊರಲ್ಲಿ ಮಿರ್ಚಿ ಭಜಿ ಸಿಗುವುದಿಲ್ಲ, ಸಿಕ್ಕರೂ ಆರಿರುತ್ತದೆ.

ಮಿರ್ಚಿಯ ಮಾತು ಸುಮ್ಮನೆ ಬಂದದ್ದಲ್ಲ. ಹೋಳಿಹುಣ್ಣಿಮೆಗೆ ಕಾಮನನ್ನು ಸುಟ್ಟ ಮರುದಿನ ಅಲ್ಲಿ ಒಬ್ಬ ಜೀವಂತ ಮನುಷ್ಯನನ್ನು ಹೆಣ ಮಾಡಿ ಮೆರವಣಿಗೆ ತೆಗೆಯುತ್ತಾರೆ. ಬಿದಿರಿನ ಚಟ್ಟ, ಬಿಳಿ ಅರಿವೆ, ಕೊರಳಿಗೆ ಚೆಂಡುಹೂವಿನ ಹಾರ, ಮುಂದೆ ಹಲಗೆವಾದ್ಯದ ಸದ್ದು, ಹಿಂದೆ ಸೀರೆ ಸುತ್ತಿಕೊಂಡ ಗಂಡಸರು. ಇವರ ಕೆಲಸ ಸತ್ತವನ ಬಂಡವಾಳವನ್ನೆಲ್ಲ ಹಾಡ್ಯಾಡಿ ಅಳುವುದು. ಹೆಣದ ಕೆಲಸ ಒಂದೇ, ನಗದಿರುವುದು. ಚಟ್ಟ ಏರಿದ ಮೇಲೆ ಕಾಮನಕಟ್ಟೆಯಲ್ಲಿ ಇಳಿಸಿ ಮುಖಕ್ಕೆ ಬಣ್ಣ ಸುರಿಯುವತನಕ ಹೆಣ ಮಾತಾಡಬಾರದು, ಎದ್ದು ಕೂರಬಾರದು, ನಗಲಂತೂ ಬಾರದು. ನಕ್ಕಿತೋ, ಕೂಡಿದವರಿಗೆಲ್ಲ ಹೆಣವೇ ಮಿರ್ಚಿ ತಿನ್ನಿಸಬೇಕು.

ಶಿದ್ಲಿಂಗಪ್ಪನ ಕೈಯಿಂದ ಊರು ಒಂದು ಮಿರ್ಚಿಯನ್ನೂ ತಿಂದಿರಲಿಲ್ಲ. ಒಂದು ವರ್ಷ ಚಟ್ಟ ಹೊರುವ ಭೀಮಶಿ ಅವನ ಅಂಗಾಲಿಗೆ ಜೋಳದ ರವದಿಯ ಒಣ ಗರಿ ಆಡಿಸಿ ನೋಡಿದ್ದ. ಇನ್ನೊಂದು ವರ್ಷ ಒಂದು ಮೇಕೆ ಬಂದು ಹಾರವನ್ನು ಕೊರಳಿನ ಮೇಲೇ ಮೇದು ಹೋಗಿತ್ತು. ಹೆಣ ಮಿಸುಕಾಡಿರಲಿಲ್ಲ.

ಅಳುವವರ ಮುಖಂಡ ಮುನಾಫ್. ಊರಿಗೆಲ್ಲ ಪೆಂಡಾಲು, ಮೈಕು ಹಾಕುವ ಕಸುಬು. ಮೈಕು ಕೊಳ್ಳುವುದಕ್ಕೆ ಎಷ್ಟೋ ಮೊದಲೇ ಅವನ ಗಂಟಲಿನಲ್ಲಿ ಇಡೀ ಊರು ಸೇರಿಕೊಂಡಿತ್ತು. ಗಿರಣಿಯ ಪಟ್ಟೆಯ ಟಪಟಪ, ಚಹಾದಂಗಡಿ ಹನಮವ್ವನ ಕೆಮ್ಮು, ಬಸ್ಸು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಊದುವ ಸೀಟಿ, ಯಾವುದು ಬೇಕೋ ಅದು. ಒಮ್ಮೆ ಕೃಷಿ ಅಧಿಕಾರಿಯ ದನಿಯಲ್ಲಿ ಫೋನು ಮಾಡಿ, "ಪುಕ್ಕಟ ತಾಡಪತ್ರಿ ಬಂದಾವು, ಲಗೂನ ಬರ್ರಿ" ಎಂದು ಶಿದ್ಲಿಂಗಪ್ಪನನ್ನು ಕುಂದಗೋಳಕ್ಕೆ ಓಡಿಸಿದ್ದ. ಶಿದ್ಲಿಂಗಪ್ಪ ಮಧ್ಯಾಹ್ನದವರೆಗೆ ಕಚೇರಿಯ ಮುಂದೆ ನಿಂತು ಬಂದವನು ಒಂದು ಮಾತೂ ಆಡದೆ ಮುನಾಫನ ಪೆಂಡಾಲಿನ ಬಟ್ಟೆಯನ್ನೇ ಎತ್ತಿಕೊಂಡು ಹೋಗಿ, ಅದರ ಮೇಲೆ ಮೆಣಸಿನಕಾಯಿ ಒಣಹಾಕಿದ. ಆ ವರ್ಷ ಯರಗುಪ್ಪಿಯ ಮದುವೆಗಳಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಬೀಗರೆಲ್ಲ ಸೀನುತ್ತಿದ್ದರು. ಇಬ್ಬರದೂ ಅಂಥ ಗೆಳೆತನ.

ಶಿದ್ಲಿಂಗಪ್ಪನಿಗೆ ಹೆಂಡಿರು ಮಕ್ಕಳಿಲ್ಲ. ಮನೆಯಲ್ಲಿ ಅಕ್ಕ ಮಹಾದೇವಕ್ಕ, ಹಿತ್ತಲಿನಲ್ಲಿ ಮೆಣಸಿನ ಅಗಿ. ಅಗಿ ಎಂದರೆ ಮಡಿಯಲ್ಲಿ ಬೀಜ ಚೆಲ್ಲಿ ಎಬ್ಬಿಸಿದ ಎಳೆ ಸಸಿ. ಅದನ್ನು ಕಿತ್ತು ಹೊಲಕ್ಕೆ ನೆಡುತ್ತಾರೆ. ಸುತ್ತಲ ಹತ್ತಾರು ಹೊಲಗಳು ಅವನ ಅಗಿಯಿಂದಲೇ ಕೆಂಪಾಗುತ್ತಿದ್ದವು. ಅವನದೊಂದು ನೇಮವಿತ್ತು. ಮಡಿಯಲ್ಲಿ ಒಂದು ಮೂಲೆಗೆ ಬುಡಕೊಳೆ ಬಿತ್ತು ಎಂದರೆ ಆ ಮಡಿಗೆ ಮತ್ತೆ ಒಂದು ತಂಬಿಗೆ ನೀರನ್ನೂ ಹಾಕುತ್ತಿರಲಿಲ್ಲ. ಉಳಿದ ಸಸಿ ಎಷ್ಟೇ ಹಸಿರಾಗಿದ್ದರೂ ಕಿತ್ತು, ಒಣಗಿಸಿ, ಸುಟ್ಟುಬಿಡುವುದು. "ಸಾಯೂ ಅಗಿಗೆ ನೀರ ಹಾಕಿದ್ರ ನೀರೂ ಹಾಳ, ಬಾಜೂ ಮಡೀನೂ ಹಾಳ" ಎನ್ನುತ್ತಿದ್ದ.

ದಸರಾ ಕಳೆದ ಮೇಲೆ ಅವನಿಗೆ ಮೇಲುಸಿರು ಶುರುವಾಯಿತು. ಹಿತ್ತಲಿಂದ ಪಡಸಾಲೆಗೆ ಬರುವುದರಲ್ಲಿ ಎರಡು ಕಡೆ ಕೂರಬೇಕು. ಅಂಗೈ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಜ್ವರ ಬಂದು ಹೋಗಿ ಮಾಡುತ್ತಿತ್ತು. ಮುನಾಫ್ ಬೈದು, ಎಳೆದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದ. ರಕ್ತ ತೆಗೆದರು, ನೋಡಿದರು, ಮತ್ತೆ ತೆಗೆದರು. ಎಚ್‌ಐವಿ ಎಂದು ಗೊತ್ತಾಯಿತು.

ಅದು ಎಲ್ಲಿಂದ ಬಂತು ಎಂದು ಕೇಳುವವರಿಗೆ ಈ ಕಥೆಯಲ್ಲಿ ಜಾಗವಿಲ್ಲ. ಮುನಾಫನೂ ಕೇಳಲಿಲ್ಲ. ಡಾಕ್ಟರ್ ಸುನೀತಾ ಅವನನ್ನು ಹೊರಗೆ ಕಳಿಸಲು ನೋಡಿದಾಗ ಶಿದ್ಲಿಂಗಪ್ಪನೇ ತಡೆದ. "ಇರಲಿ ಬಿಡ್ರಿ, ನಂದು ಅವಗ ಗೊತ್ತಿಲ್ಲದ್ದು ಏನೂ ಇಲ್ಲ."

ಡಾಕ್ಟರು ಧಾರವಾಡದ ಕಡೆಯವರು, ನಿಧಾನವಾಗಿ ಹೇಳುವವರು. "ರಕ್ತ ಎಲ್ಲಿ ಹುಟ್ಟತದ ಗೊತ್ತೇನ್ರಿ? ಎಲುಬಿನ ಒಳಗ, ಮಜ್ಜಿಯೊಳಗ. ಅಲ್ಲಿ ಎಳೀ ಕಣ ಇರ್ತಾವು. ಅವು ಬೆಳದು ಕೆಂಪು ರಕ್ತ ಆಗ್ತಾವು, ಬಿಳೀ ರಕ್ತ ಆಗ್ತಾವು. ನಿಮ್ಮ ಮೈಯಾಗ ಆ ಎಳೀ ಕಣ ಬೆಳಿಯೂಕಿಂತ ಮೊದಲ ಸಾಯಾಕತ್ತಾವು."

"ಅಂದ್ರ ಮಡ್ಯಾಗ ಅಗಿ ಸತ್ತಂಗ್ರಿ?" ಎಂದ ಶಿದ್ಲಿಂಗಪ್ಪ.

"ಹೌದ್ರಿ, ಬರೋಬ್ಬರಿ ಹೇಳಿದ್ರಿ" ಎಂದು ಡಾಕ್ಟರು ಖುಷಿಯಾದರು.

ಹೋಲಿಕೆ ಸಿಕ್ಕಿತೆಂದು ಅವರು ಖುಷಿಪಟ್ಟರೆ, ಶಿದ್ಲಿಂಗಪ್ಪನಿಗೆ ತೀರ್ಪೇ ಸಿಕ್ಕಿತು. "ತಿಳೀತ್ರಿ" ಎಂದವನೇ ಎದ್ದು, ಟೋಪಿ ಹಾಕಿಕೊಂಡು ನಡೆದುಬಿಟ್ಟ. ಡಾಕ್ಟರು ಇನ್ನೂ ಬಾಯಿ ತೆರೆದೇ ಇದ್ದರು. "ಅರ್ಧಾ ಮಾತಿಗೇ ಎದ್ದ ಹೋದ್ರಲ್ರಿ ಇವರು" ಎಂದು ಉಳಿದರ್ಧವನ್ನು ಮುನಾಫನಿಗೆ ಹೇಳಿ, ಗುಳಿಗೆಯ ಡಬ್ಬಿಯನ್ನು ಅವನ ಕೈಗೆ ಕೊಟ್ಟರು. ಗುಳಿಗೆ ದಿನಾ ತಪ್ಪಿಸಬಾರದು. ಅದಲ್ಲದೆ ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ನೋಡಬೇಕು, ಬೇಗ ನೋಡಬೇಕು. ಬಿಟ್ಟರೆ ಕಷ್ಟ.

ಮುನಾಫ್ ಆ ಸಂಜೆಯೇ ಹಿತ್ತಲಿಗೆ ಹೋದ. ಶಿದ್ಲಿಂಗಪ್ಪ ತನ್ನ ಚಹಾದ ಕಪ್ಪನ್ನು ಬೇರೆ ಗೂಡಿನಲ್ಲಿ ಇಟ್ಟುಕೊಂಡಿದ್ದ. ಬಾಜೂ ಮಡಿ ಹಾಳಾಗಬಾರದಲ್ಲ. ಮುನಾಫ್ ಅದೇ ಕಪ್ಪಿಗೆ ಚಹಾ ಬಗ್ಗಿಸಿಕೊಂಡು ಸುರ್ರೆಂದು ಕುಡಿದು ಕೂತ.

"ಪೂರಾ ಮಾತ ಕೇಳಲೇ. ಬೀಜ ಸತ್ತಿಲ್ಲಂತ. ಗುಳಿಗಿ ತಗೊಂಡ್ರ ಮತ್ತ ಅಗಿ ಏಳ್ತಾವಂತ. ಡಾಕ್ಟರ್ ಹೇಳ್ಯಾರ."

"ಹೆಂಗ ಹೇಳಿದ್ರು?"

ಇಲ್ಲಿ ಮುನಾಫನ ಹುಟ್ಟುಗುಣ ಕೈ ಕೊಟ್ಟಿತು. ಹೆಂಗ ಹೇಳಿದ್ರು ಎಂದು ಕೇಳಿದರೆ ಹಂಗೇ ಹೇಳಿ ತೋರಿಸದೆ ಇರಲು ಅವನಿಂದಾಗದು. ಡಾಕ್ಟರರ ನಿಧಾನ, ಮೂಗಿನ ಎಳೆತ, ಕೈ ತಿರುವಿದಾಗ ಆಗುವ ಬಳೆಯ ಸಪ್ಪಳ, ಎಲ್ಲವನ್ನೂ ಒಂದು ಕೂದಲೂ ಬಿಡದೆ ಇಳಿಸಿದ. ಶಿದ್ಲಿಂಗಪ್ಪ ತಲೆದೂಗಿ ಕೇಳಿದ.

"ಭಾಳ ಚಲೋ ಮಾಡಿದಿ. ತಾಡಪತ್ರಿ ಸಾಹೇಬನಕಿಂತಾ ಚಲೋ ಆತು."

"ಲೇ, ಇದು ಖರೇ ಐತಿ."

"ಅದೂ ಹಂಗ ಅಂದಿದ್ದಿ. ನಿನ್ನ ಬಾಯಾಗ ಊರ ಮಂದಿ ಮಾತೆಲ್ಲಾ ಬರ್ತಾವು ಮುನಾಫ್. ಅದ್ರಾಗ ನಿಂದ್ಯಾವುದು, ಅವರದ್ಯಾವುದು, ನಾ ಹೆಂಗ ಆರಿಸಲಿ? ನನ್ನ ಸಮಾಧಾನಕ್ಕ ಸುಳ್ಳ ಹೇಳಾಕತ್ತಿ. ಗೊತ್ತಾಗತೈತಿ. ಬಿಡು."

ಬಯ್ಯುವ ದನಿಯಲ್ಲಿ ಹೇಳಿದ್ದರೆ ತಡೆಯಬಹುದಿತ್ತು. ಅವನು ಹೇಳಿದ್ದು ಪ್ರೀತಿಯಿಂದ. ಗುಳಿಗೆಯ ಡಬ್ಬಿ ಬೀಜದ ಗಡಿಗೆಯ ಹಿಂದೆ ಹೋಗಿ ಕೂತಿತು.

ಮುನಾಫ್ ಡಾಕ್ಟರರಿಗೆ ಕಷ್ಟ ತೋಡಿಕೊಂಡ. ಅವರು ತಾವೇ ಫೋನು ಮಾಡುತ್ತೇನೆ ಎಂದರು, ಮಾಡಿದರು. ಅರ್ಧ ತಾಸಿನ ಮೇಲೆ ಮುನಾಫನಿಗೆ ಅವರಿಂದ ಫೋನು ಬಂತು.

"ನಿಮ್ಮ ಗೆಳೆಯರು ಎಂಥವರ‍್ರಿ? 'ನಾನು ಡಾಕ್ಟರ್ ಸುನೀತಾ' ಅಂದೆ. 'ಹೌದೇನ್ರಿ ಡಾಕ್ಟರ್ ಬಾಯಾರ, ಇವತ್ತ ದನಿ ಸ್ವಲ್ಪ ದಪ್ಪ ಆಗೇತಿ, ಮೊನ್ನೆ ಇದಕ್ಕಿಂತ ಚಲೋ ಮಾಡಿದ್ದಿ' ಅಂದ್ರು. ನಾ ಏನಂದ್ರಿ ಅಂದೆ. 'ಇನ್ನೊಂಚೂರು ಸಣ್ಣ ಮಾಡು, ಮೂಗಿನಿಂದ ತಗಿ, ಬಳಿ ಸಪ್ಪಳ ಮಾತ್ರ ಅಗದಿ ಬರೋಬ್ಬರಿ ಐತಿ' ಅಂದು ಇಟ್ಟಬಿಟ್ರು. ನನ್ನ ದನಿ ಹೆಂಗ ತಗೀಬೇಕಂತ ನನಗ ಕಲಿಸಿದ್ರಲ್ರಿ."

ಮುನಾಫನಿಗೆ ನಗು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಊರನ್ನು ನಗಿಸಿದ ಗಂಟಲು, ಒಂದೇ ಒಂದು ಖರೇ ಮಾತನ್ನು ಒಬ್ಬ ಮನುಷ್ಯನ ಕಿವಿಗೆ ಮುಟ್ಟಿಸಲಾರದೆ ಹೋಯಿತಲ್ಲ ಎಂದು ಅವನು ಮೈಕಿನ ಪೆಟ್ಟಿಗೆಯ ಮೇಲೆ ಬಹಳ ಹೊತ್ತು ಕೂತಿದ್ದ.

ಮೆಣಸಿನಕಾಯಿ ಕಣಕ್ಕೆ ಬಂತು, ಹುಬ್ಬಳ್ಳಿಗೆ ಹೋಯಿತು. ಶಿದ್ಲಿಂಗಪ್ಪ ಮೈಯಿಳಿದು ಸೊರಗುತ್ತಲೇ ಇದ್ದ. ಹೋಳಿ ರಮಜಾನಿನ ನಡುವೆ ಬಂದು ಬಿದ್ದಿತ್ತು. ಈ ಸಲ ಹೆಣ ಬೇರೆಯವರಾಗಲಿ ಎಂದು ಮುನಾಫ್ ಹೇಳಿ ನೋಡಿದ.

"ಯಾಕ? ಈ ವರ್ಷ ನನಗ ವೇಷನ ಬೇಕಾಗಿಲ್ಲ" ಎಂದ ಶಿದ್ಲಿಂಗಪ್ಪ, ಅಂಗೈ ತೋರಿಸುತ್ತ. "ಬರೂ ವರ್ಷ ಖರೇ ಐತಿ. ಈಗೊಮ್ಮೆ ತಾಲೀಮು ಆಗಲಿ. ಕಡೀತನಕ ನಗೂದಿಲ್ಲ ನೋಡು."

ಆ ಮಾತು ಮುನಾಫನ ಎದೆಗೆ ಮುಳ್ಳಿನಂತೆ ನಾಟಿತು, ಮರುಕ್ಷಣವೇ ಅದೇ ಮುಳ್ಳಿನಿಂದ ಒಂದು ಉಪಾಯ ಚಿಗುರಿತು. ಬದುಕಿರುವ ಶಿದ್ಲಿಂಗಪ್ಪ ಅರ್ಧ ಮಾತಿಗೆ ಎದ್ದು ಹೋಗುತ್ತಾನೆ. ಹೆಣ ಎದ್ದು ಹೋಗುವಂತಿಲ್ಲ.

ಭೀಮಶಿಗೆ ಟಾಟಾ ಏಸ್ ಗಾಡಿ ಇತ್ತು. ಅವನಿಗೂ ಮಹಾದೇವಕ್ಕನಿಗೂ ಮುನಾಫ್ ಹೇಳಿದ್ದು ಇಷ್ಟೇ. ರಕ್ತ ಕಡಿಮೆಯಾಗಿದೆ, ಸೂಜಿ ಎಂದರೆ ಓಡುತ್ತಾನೆ. ಮಹಾದೇವಕ್ಕ ಒಂದು ಚೀಲದಲ್ಲಿ ರೊಟ್ಟಿ, ಲುಂಗಿ, ಬೀಜದ ಗಡಿಗೆಯ ಹಿಂದಿದ್ದ ಡಬ್ಬಿ ಎಲ್ಲ ತುಂಬಿ ಕೊಟ್ಟಳು. "ಹೊತಗೊಂಡರ ಹೋಗ್ರಿ, ಎಳಕೊಂಡರ ಹೋಗ್ರಿ, ಒಟ್ಟ ಒಯ್ರಿ ಯಪ್ಪಾ" ಎಂದಳು. ಮುನಾಫ್ ಡಾಕ್ಟರರಿಗೂ ಫೋನು ಮಾಡಿದ.

"ನಾಳೆ ಕರಕೊಂಡ ಬರ್ತೇನ್ರಿ. ಆದ್ರ ಬರೂ ಹೊತ್ತಿಗೆ ಅಂವ ಸತ್ತಿರ್ತಾನ್ರಿ."

"ಏನು?" ಎಂದು ಡಾಕ್ಟರು ಹೌಹಾರಿದರು. ಅವರಿಗೆ ಹೋಳಿಯ ಕಾಯ್ದೆ ತಿಳಿಸಿ ಹೇಳುವುದರಲ್ಲಿ ಮುನಾಫನ ಇಫ್ತಾರಿನ ಹೊತ್ತೇ ಆಗಿಹೋಯಿತು.

ಬೆಳಿಗ್ಗೆ ಸೀರೆ ಉಟ್ಟು ಹೊರಟವನನ್ನು ಬಾಜೂ ಮನೆಯ ಹಿರಿಯ ಬುಡನಸಾಬ ತಡೆದ. "ರೋಜಾ ಹಿಡದಾಂವ, ಸುಳ್ಳ ಅಳೂ ಆಟಕ್ಕ ಹೊಂಟೀಯೇನೋ?"

"ಕಾಕಾ, ಈ ವರ್ಷ ಸುಳ್ಳ ಅಳೂದಿಲ್ಲ" ಎಂದ ಮುನಾಫ್.

ಬುಡನಸಾಬ ಅವನ ಮುಖ ನೋಡಿ ದಾರಿ ಬಿಟ್ಟ.

ರೋಜಾದ ಉಪವಾಸದಲ್ಲಿ ಹೊಲಸು ಮಾತು ಆಡುವಂತಿಲ್ಲ. ಹೋಳಿಯ ಅಳುವಿನಲ್ಲಿ ಹೊಲಸು ಮಾತು ಬಿಟ್ಟರೆ ಉಳಿಯುವುದು ಬಹಳ ಕಡಿಮೆ. ಉಳಿದಷ್ಟರಲ್ಲೇ ಮುನಾಫ್ ಚಟ್ಟದ ಮುಂದೆ ಎದೆ ಬಡಿದುಕೊಂಡು ಶುರುಮಾಡಿದ. "ಊರಿಗೆಲ್ಲಾ ಅಗಿ ಕೊಟ್ಟೆಲ್ಲೋ ನನ್ನಪ್ಪಾ, ನಿನ್ನ ಮಡಿಗೆ ಒಂದ ತಂಬಗಿ ನೀರ ಹಾಕಲಿಲ್ಲೋ. ಮಂದಿ ಹೊಲಾ ಕೆಂಪ ಮಾಡಿ, ನಿನ್ನ ಅಂಗೈ ಬೆಳ್ಳಗ ಮಾಡಕೊಂಡೆಲ್ಲೋ. ನನ್ನ ಪೆಂಡಾಲಿಗೆ ಖಾರ ಹಚ್ಚಾಂವ ಇನ್ನ ಯಾರೋ." ಮೊದಲಿಗೆ ಮಂದಿ ನಕ್ಕರು. ಆಮೇಲೆ ಹಲಗೆಯವನು ಬಡಿತ ತಪ್ಪಿಸಿದ. ಹನಮವ್ವ ಚಹಾದಂಗಡಿಯಿಂದ ಹೊರಬಂದು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಹೆಣ ಮಾತ್ರ ಕಣ್ಣು ಮುಚ್ಚಿ ತನ್ನ ಕೆಲಸ ತಾನು ಮಾಡುತ್ತಿತ್ತು.

ಊರಬಾಗಿಲ ಅಗಸಿಯ ಹತ್ತಿರ ಭೀಮಶಿ ಕೂಗಿದ. "ಹೊರೋರ ಹೆಗಲ ಬಿದ್ದ ಹೋದುವ್ರೀ. ಈ ವರ್ಷ ಹೆಣ ಗಾಡ್ಯಾಗ ಮೆರೀಲಿ, ಓಣಿ ಓಣಿಗೂ ಒಯ್ಯೂಣು." ಚಟ್ಟ ಗಾಡಿ ಏರಿತು. ಹಲಗೆಯವನೊಬ್ಬ, ಮುನಾಫನೊಬ್ಬ ಹಿಂದೆ ಕೂತರು. ಗಾಡಿ ಓಣಿಗೆ ತಿರುಗುವ ಬದಲು ಹುಬ್ಬಳ್ಳಿಯ ದಾರಿ ಹಿಡಿಯಿತು.

ಮುನಾಫನ ಜನ್ಮದ ವಿದ್ಯೆಯೆಲ್ಲ ಆವತ್ತು ಖರ್ಚಿಗೆ ಬಿತ್ತು. ಗಾಡಿ ಹೊಲಗಳ ನಡುವೆ ಓಡುತ್ತಿದ್ದರೆ, ಹೆಣದ ಕಿವಿಗೆ ಮಾತ್ರ ಯರಗುಪ್ಪಿಯ ಓಣಿಗಳು ಒಂದೊಂದಾಗಿ ಬರುತ್ತಿದ್ದವು. ಗಿರಣಿಯ ಪಟ್ಟೆ ಟಪಟಪ ಎಂದಿತು. ಹನಮವ್ವ ಕೆಮ್ಮಿದಳು. ನಾಯಿಗಳೆರಡು ಜಗಳವಾಡಿದವು. ಮಹಾದೇವಕ್ಕ ಯಾರಿಗೋ "ಅಂಗಳದಾಗ ಬಣ್ಣಾ ಚೆಲ್ಲಬ್ಯಾಡ್ರಿ" ಎಂದು ಬೈದಳು. ನಡುನಡುವೆ ಅಳು ಬೇರೆ. ನೀರು ಕುಡಿಯುವಂತಿಲ್ಲ, ನಾಲಿಗೆ ತೊಗಲಾಗಿತ್ತು. ಹಲಗೆಯವನು ಬೆರಗಾಗಿ ಬಡಿಯುವುದನ್ನೇ ಮರೆತಾಗ ಅವನ ಹಲಗೆಯ ಸದ್ದನ್ನೂ ಮುನಾಫನೇ ತೆಗೆದ.

ಫಜೀತಿಯಾದದ್ದು ರೈಲ್ವೆ ಗೇಟಿನಲ್ಲಿ. ಗೇಟು ಬಿದ್ದಿತ್ತು. ದೂರದಿಂದ ಸೀಟಿ ಕೇಳಿತು. ಯರಗುಪ್ಪಿಯ ಯಾವ ಓಣಿಯಲ್ಲೂ ರೈಲು ಓಡುವುದಿಲ್ಲ. ಮುನಾಫ್ ಒಂದು ಉಸಿರಿನಷ್ಟು ಹೊತ್ತು ಯೋಚಿಸಿ, ಗಂಟಲು ಸರಿಮಾಡಿಕೊಂಡು ಘೋಷಿಸಿದ. "ಕೇಳ್ರೆಪಾ ಎಲ್ಲಾರೂ, ಈಗ ರೈಲ ತಗೀತೇನಿ. ಹಿಂದ ಎಂದೂ ತಗದಿಲ್ಲ." ರೈಲು ಬಂತು. ನೆಲ ನಡುಗಿಸಿ, ಡಬ್ಬಿ ಡಬ್ಬಿ ಎಣಿಸಿ ಹಾದುಹೋಯಿತು. ಹೆಣದ ಹುಬ್ಬು ಒಂದು ಕೂದಲೆಳೆಯಷ್ಟು ಮೇಲಕ್ಕೆ ಹೋಗಿ ಇಳಿಯಿತು. ಅದು ಮೆಚ್ಚುಗೆ.

ಅಷ್ಟರಲ್ಲಿ ಗೇಟಿನ ಬದಿಯಿಂದ ಬುಟ್ಟಿ ಹೊತ್ತ ಒಬ್ಬ ಮುದುಕಿ ಗಾಡಿಯ ಹತ್ತಿರ ಬಂದಳು. ಚಟ್ಟ ನೋಡಿ ಬುಟ್ಟಿ ಇಳಿಸಿ ಕೈ ಮುಗಿದಳು. "ಯಾವೂರಾಂವ ಯಪ್ಪಾ? ಇನ್ನಾ ಬಾಳಿ ಬದುಕೂ ವಯಸ್ಸು." ಬುಟ್ಟಿಯಿಂದ ಒಂದು ಹೂವು ತೆಗೆದು ಅವನ ಎದೆಯ ಮೇಲಿಟ್ಟಳು. "ಬದುಕಬೇಕಾಗಿತ್ತು ನನ್ನ ಕಂದ, ಬದುಕಬೇಕಾಗಿತ್ತು."

ಮುನಾಫ್ ಅವಳಿಗೆ ತಿರುಗಿ ಕೈ ಮುಗಿದ. ಗೇಟು ತೆರೆಯಿತು, ಗಾಡಿ ಹೊರಟಿತು. ನೋಡಿದರೆ ಹೆಣದ ಕಣ್ಣಂಚಿನಿಂದ ಒಂದು ಹನಿ ಕಿವಿಯತ್ತ ಇಳಿಯುತ್ತಿತ್ತು. ಹೆಣ ನಗಬಾರದು ಎಂಬ ಕಾಯ್ದೆ ಇದೆ. ಅಳಬಾರದು ಎಂದು ಯಾರೂ ಹೇಳಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಅಡ್ಡ ಬಂದ. "ಏ, ಹೆಣ ಇದ್ರ ಹಿಂದಿನ ಗೇಟಿಗೆ ಹೋಗ್ರಿ. ಮುಂದಿನ ಗೇಟು ಪೇಶಂಟಿಗೆ." ಭೀಮಶಿ ಇಳಿದು ಅವನ ಹೆಗಲ ಮೇಲೆ ಕೈ ಹಾಕಿ ಚಹಾಕ್ಕೆ ಕರೆದೊಯ್ದ. ಹಲಗೆಯವನೂ ಹಿಂದೆ ಹೋದ. ಬೇವಿನ ಮರದ ನೆರಳಲ್ಲಿ ಗಾಡಿ, ಗಾಡಿಯಲ್ಲಿ ಚಟ್ಟ, ಚಟ್ಟದ ಬದಿಗೆ ಸೀರೆ ಉಟ್ಟ ಮುನಾಫ್. ಫಿನಾಯಿಲ್ ವಾಸನೆ ತೇಲಿ ಬಂತು. ಹೆಣದ ಮೂಗಿನ ಹೊಳ್ಳೆ ಅರಳಿತು. ದನಿ ತೆಗೆದಂತೆ ವಾಸನೆ ತೆಗೆಯಲು ಬರುವುದಿಲ್ಲವಲ್ಲ ಎಂದು ಮುನಾಫ್ ಬೆವರಿದ.

ಡಾಕ್ಟರ್ ಸುನೀತಾ ಬಂದರು. ಒಮ್ಮೆ ಚಟ್ಟ ನೋಡಿದರು, ಒಮ್ಮೆ ಸೀರೆ ನೋಡಿದರು, ನಗುವನ್ನು ತುಟಿಯಲ್ಲೇ ಹಿಡಿದುಕೊಂಡರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಾಡಿಯ ಅಂಚಿಗೆ ಬಾಗಿ ಮೆಲ್ಲಗೆ ಶುರುಮಾಡಿದರು.

"ಶಿದ್ಲಿಂಗಪ್ಪನವರ, ಅವತ್ತ ಅರ್ಧಾ ಮಾತಿಗೆ ಎದ್ದ ಹೋದ್ರಿ. ಇವತ್ತ ಉಳದರ್ಧಾ ಕೇಳ್ರಿ."

ಹೆಣದ ತುಟಿಯ ಮೂಲೆ ಒಂಚೂರು ಅದುರಿತು. ಈ ಸಲ ದನಿ ಬರೋಬ್ಬರಿ ಸಣ್ಣ ಮಾಡ್ಯಾನ ಎಂದು ಅದು ಮನಸ್ಸಿನಲ್ಲೇ ಮುನಾಫನಿಗೆ ಶಹಬಾಸ್ ಹೇಳುತ್ತಿದೆ ಎಂಬುದು ಮುನಾಫನಿಗೆ ಗೊತ್ತಾಯಿತು. ಅವನು ಬಾಯಿಗೆ ಸೆರಗು ತುರುಕಿಕೊಂಡು ಗಾಡಿಯಿಂದ ದೂರ ಸರಿದ.

"ಅಗಿ ಸಾಯಾಕತ್ತಾವು ಅಂದೆ, ಖರೇ. ಆದ್ರ ನಿಮ್ಮ ಬುಡಕೊಳೆ ಸಸಿ ಮೈಯಾಗ ಹೊಕ್ಕು ತಿಂತದ. ಇದು ಹಂಗಲ್ಲ. ಈ ವೈರಾಣು ಆ ಎಳೀ ಕಣದೊಳಗ ಹೋಗೂದು ಭಾಳ ಕಡಿಮಿ. ಅದು ಬಾಜೂ ಇದ್ದ ಬ್ಯಾರೆ ಕಣದಾಗ ಮನಿ ಮಾಡಿ, ಮಡಿ ಮಣ್ಣ ಕೆಡಸತದ. ಸಸಿಗೆ ಬೇಕಾದ ಸಾರ ಸಿಗೂದಿಲ್ಲ, ಬ್ಯಾಡಾದ ವಿಷ ಸಿಗತದ. ಬೆಳೀಬೇಕಾದ್ದು ತಾನ ಸೊರಗಿ ಸಾಯತದ. ಗುಳಿಗಿ ಆ ವೈರಾಣು ಬೆಳಿಯೂದನ್ನ ತಡೀತದ. ಮಣ್ಣ ತಿಳಿ ಆತಂದ್ರ, ಕೆಳಗ ಇದ್ದ ಬೀಜ ಮತ್ತ ಮೊಳಕಿ ಒಡೀತದ. ಒಂದೆರಡ ದಿನದಾಗ ಅಲ್ಲ, ತಿಂಗಳಗಟ್ಟಲೆ ಬೇಕು. ಇದು ಕಿತ್ತ ಸುಡೂ ಮಡಿ ಅಲ್ರಿ. ಮತ್ತ ಇದು ಕಪ್ಪು ಬಸಿಯಿಂದ ಬಾಜೂ ಮಡಿಗೆ ಹೋಗೂದೂ ಇಲ್ಲ."

ತುಟಿಯ ಅದುರು ನಿಂತಿತ್ತು. ಹೆಣ ಉಸಿರು ಹಿಡಿದು ಕೇಳುತ್ತಿತ್ತು. ಆದರೂ ಕಣ್ಣು ತೆರೆಯಲಿಲ್ಲ. ಡಾಕ್ಟರು ಮುನಾಫನ ಕಡೆ ಏನು ಮಾಡುವುದೆಂಬಂತೆ ನೋಡಿದರು. ಆಮೇಲೆ ಸುಮ್ಮನೆ, ಅಭ್ಯಾಸದಂತೆ, ನಾಡಿ ನೋಡಲು ಅವನ ಮುಂಗೈ ಹಿಡಿದರು. ಅವರ ಗಾಜಿನ ಬಳೆ ಅವನ ಮಣಿಕಟ್ಟಿಗೆ ತಾಗಿತು.

ಬಳೆಯ ಸಪ್ಪಳವನ್ನು ಗಂಟಲಿನಲ್ಲಿ ತೆಗೆಯಬಹುದು. ಬಳೆಯ ತಂಪನ್ನು ಯಾವ ಗಂಟಲಿನಿಂದ ತೆಗೆಯಬೇಕು?

ಶಿದ್ಲಿಂಗಪ್ಪ ಒಂದು ಕಣ್ಣು ತೆರೆದ. ಬೇವಿನ ಎಲೆ ಕಂಡಿತು, ಬಿಳಿ ಕೋಟು ಕಂಡಿತು, ಕೋಟಿನ ಮೇಲೆ ಸುನೀತಾ ಡಾಕ್ಟರರ ಮುಖ ಕಂಡಿತು. ಇನ್ನೊಂದು ಕಣ್ಣನ್ನೂ ತೆರೆದು ಮುನಾಫನನ್ನು ಹುಡುಕಿದ. ಮುನಾಫ್ ಎರಡು ಮಾರು ದೂರದಲ್ಲಿ, ಬಾಯಿ ತುಂಬ ಸೆರಗು ತುಂಬಿಕೊಂಡು ನಿಂತಿದ್ದ. ಆ ಬಾಯಿಂದ ಮಾತು ಬಂದಿರಲು ಸಾಧ್ಯವೇ ಇರಲಿಲ್ಲ.

ಆಮೇಲೆ ಶಿದ್ಲಿಂಗಪ್ಪ ಮಲಗಿದ್ದಲ್ಲಿಂದಲೇ ಕೇಳಿದ.

"ನನ್ನ ಮಡ್ಯಾಗ ಬೀಜ ಅದಾವ್ರಿ?"

"ನೋಡದ ಹೇಳಾಕ ಬರೂದಿಲ್ರಿ. ಇರಬೇಕು ಅಂತ ನನಗ ಅನಸತದ. ಅದನ್ನ ನೋಡಾಕ ಸೂಜಿ. ಬ್ಯಾರೆ ಏನರೆ ರೋಗ ಕುಂತದೇನು ಅಂತೂ ಗೊತ್ತಾಗತದ."

"ಸುಳ್ಳ ಸಮಾಧಾನ ಹೇಳಿದ್ರ 'ಅದಾವು' ಅಂತಿದ್ರಿ" ಎಂದ ಶಿದ್ಲಿಂಗಪ್ಪ ಯೋಚಿಸುತ್ತ. "ಇರಬೇಕು ಅಂದ್ರಲ್ಲ, ಹಂಗಾರ ಖರೇ ಇರಬೇಕು." ಮೆಲ್ಲಗೆ ಮೊಣಕೈ ಊರಿ ಎದ್ದು ಕೂತ.

ಚಹಾ ಕುಡಿದು ಬಂದ ಕಾವಲಿನವನು ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಶಿದ್ಲಿಂಗಪ್ಪ ಕೊರಳ ಹಾರ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದ. "ಸಾಹೇಬ್ರ, ಗೇಟ ತಗೀರಿ. ನಾ ಮುಂದಿನ ಗೇಟಿನಾಂವ."

ಮಧ್ಯಾಹ್ನ ಸೂಜಿ ಹಾಕಿದರು. ಮರಗಟ್ಟಿಸುವ ಔಷಧಿ ಕೊಟ್ಟರೂ ಎಲುಬಿನ ಒಳಗಿಂದ ಎಳೆಯುವಾಗ ನೋವಾಗುತ್ತದೆ, ಅಲುಗಾಡಬಾರದು ಎಂದು ಡಾಕ್ಟರು ಮೊದಲೇ ಹೇಳಿದರು. "ಅದರ ಚಿಂತಿ ಬಿಡ್ರಿ, ನನಗ ವರ್ಷಗಟ್ಟಲೆ ರೂಢಿ ಐತಿ" ಎಂದು ಶಿದ್ಲಿಂಗಪ್ಪ ಕಣ್ಣು ಮುಚ್ಚಿದ. ಇಷ್ಟು ತೆಪ್ಪಗೆ ಮಲಗಿದವರನ್ನು ತಾನು ನೋಡಿಲ್ಲ ಎಂದು ನರ್ಸು ಹೊರಗೆ ಬಂದು ಹೇಳಿದಳು. ಆಮೇಲೆ ವಾರ್ಡಿನಲ್ಲಿ ಹಾಸಿಗೆ ಕೊಟ್ಟು ರಕ್ತದ ಬಾಟಲಿ ಹಚ್ಚಿದರು.

ಹೊತ್ತು ಮುಳುಗಿತು. ದೂರದ ಮಸೀದಿಯ ಬಾಂಗು ಕೇಳಿದಾಗ ಶಿದ್ಲಿಂಗಪ್ಪ ತನಗೆ ಕೊಟ್ಟಿದ್ದ ಬಾಳೆಹಣ್ಣನ್ನು ಸುಲಿದು ಮುನಾಫನ ಕೈಗಿಟ್ಟ. ನೀರಿನ ಬಾಟಲಿಯನ್ನೂ ಅವನತ್ತ ಸರಿಸಿದ. ತನ್ನ ಬಾಟಲಿಯನ್ನೇ. ಮುನಾಫ್ ಕುಡಿದು ಉಳಿಸಿದ ನೀರಿನಲ್ಲೇ ಶಿದ್ಲಿಂಗಪ್ಪ ಡಬ್ಬಿಯಿಂದ ಮೊದಲ ಗುಳಿಗೆ ತೆಗೆದು ನುಂಗಿದ. ಮುನಾಫನ ದನಿ ಪೂರ್ತಿ ಬಿದ್ದುಹೋಗಿತ್ತು. ಒಳಗೆ ಊರು ಖಾಲಿಯಾಗಿ ಬರೀ ಗಾಳಿ ಉಳಿದಿತ್ತು.

"ಗಿರಣಿ ಚಲೋ ತಗದಿ" ಎಂದ ಶಿದ್ಲಿಂಗಪ್ಪ. "ಹನಮವ್ವನೂ ಚಲೋ. ಆದ್ರ ಆ ಮುದುಕಿ ತಗದೆಲ್ಲ, ಬದುಕಬೇಕಾಗಿತ್ತು ಅಂದಾಕಿ. ಅದಕ್ಕ ಮಾತ್ರ ಕೈ ಮುಗೀಬೇಕು ನಿನಗ. ನಾ ಅತ್ತಬಿಟ್ಟೆ."

"ಆಕಿ ಖರೇ ಮುದುಕಿಲೇ" ಎಂದು ಮುನಾಫ್ ಪಿಸುಗುಟ್ಟಿದ.

ಶಿದ್ಲಿಂಗಪ್ಪ ದಿಂಬಿನ ಬದಿಗೆ ಇಟ್ಟುಕೊಂಡಿದ್ದ ಬಾಡಿದ ಹೂವನ್ನು ಮುಟ್ಟಿ ನೋಡಿದ. "ರೈಲು?"

"ಖರೇ ರೈಲು."

"ಹಿಂದಿನ ಗೇಟಿಗೆ ಹೋಗ್ರಿ ಅಂದಾಂವ?"

"ಅಂವನೂ ಖರೇ."

ಶಿದ್ಲಿಂಗಪ್ಪ ಬೆರಳು ಮಡಚುತ್ತ ಏನನ್ನೋ ಹಿಂದಕ್ಕೆ ಎಣಿಸುತ್ತಿದ್ದ. ಎಣಿಕೆ ಎಲ್ಲಿಗೋ ಹೋಗಿ ಮುಟ್ಟಿತು. ಅವನ ಕಣ್ಣು ದೊಡ್ಡವಾದವು.

"ಮತ್ತ ಅವತ್ತ ಫೋನಿನಾಗ? ದನಿ ದಪ್ಪ ಆಗೇತಿ, ಮೂಗಿನಿಂದ ತಗಿ ಅಂದೆನಲ್ಲ?"

ಮುನಾಫ್ ಬಾಳೆಹಣ್ಣು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದ. "ಖರೇ ಡಾಕ್ಟರ್."

ಆ ಹೊತ್ತಿಗೆ ಸರಿಯಾಗಿ ಡಾಕ್ಟರ್ ಸುನೀತಾ ವಾರ್ಡಿನ ಬಾಗಿಲಿಗೆ ಬಂದು ನಿಂತರು. ಶಿದ್ಲಿಂಗಪ್ಪ ಅವರನ್ನು ನೋಡಿದ. ಅವರು ಮುಖ ಗಂಟಿಕ್ಕಿಕೊಂಡು, ದನಿಯನ್ನು ಬೇಕೆಂದೇ ಸಣ್ಣ ಮಾಡಿ, ಮೂಗಿನಿಂದಲೇ ಕೇಳಿದರು. "ಈಗ ಬರೋಬ್ಬರಿ ಆತೇನ್ರಿ?"

ಮೊದಲು ಮಂಚ ಕಿರುಗುಟ್ಟಿತು. ಆಮೇಲೆ ಬಾಟಲಿಯ ಕಂಬ ಕಿಣಿಕಿಣಿ ಎಂದಿತು. ವರ್ಷಗಟ್ಟಲೆ ಚಟ್ಟದ ಮೇಲೆ ತಡೆದಿಟ್ಟ ನಗುವೆಲ್ಲ ಒಮ್ಮೆಲೇ ಕಟ್ಟೆ ಒಡೆದು ಬಂತು. ಮುನಾಫ್ ದನಿಯಿಲ್ಲದ ಗಂಟಲಲ್ಲಿ ಗಾಳಿಯನ್ನೇ ನಕ್ಕ. ಡಾಕ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಬಾಜೂ ಮಂಚದ ಅಜ್ಜ ಯಾಕೆಂದು ತಿಳಿಯದೆ ನಕ್ಕ. ಕಾರಿಡಾರಿನಲ್ಲಿ ರೊಟ್ಟಿಯ ಚೀಲ ಹಿಡಿದು ಬರುತ್ತಿದ್ದ ಭೀಮಶಿ, "ಹೆಣ ನಕ್ಕಿತು, ಹೆಣ ನಕ್ಕಿತು" ಎಂದು ಕೂಗುತ್ತ ಮಿರ್ಚಿ ತರಲು ಬಂದ ದಾರಿಯಲ್ಲೇ ಓಡಿದ. ನರ್ಸು ಓಡಿಬಂದು, ಇದು ಆಸ್ಪತ್ರೆ, ಸದ್ದು ಮಾಡಬೇಡಿ ಎಂದು ಬೈದಳು. ಎಲ್ಲರೂ ಬಾಯಿ ಮುಚ್ಚಿಕೊಂಡರು. ಒಬ್ಬನಿಗೆ ಮಾತ್ರ ಆಗಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ, ಕಣ್ಣಲ್ಲಿ ನೀರು ಸುರಿಸುತ್ತ, ಶಿದ್ಲಿಂಗಪ್ಪ ನಗುತ್ತಲೇ ಇದ್ದ.